ಸಂಚಿತ ಗಣನೆ ಮತ್ತು ತತ್ಕಾಲ ಗಣನೆ: ಮರಣಲೆಕ್ಕದ ಚರಿತ್ರೆಯಿಂದ ಒಂದು ವಿವೇಚನೆ

೧

ಒಂದು ದೇಶದ ಅಥವಾ ನಗರದ ಆಗುಹೋಗುಗಳನ್ನು ಸಂಖ್ಯೆಗಳ ಮೂಲಕ ತಿಳಿಯುವುದಕ್ಕೆ ಎರಡು ಮಾರ್ಗಗಳುಂಟು. ಸಂಗತಿ ನಡೆದೊಡನೆಯೇ ಅದನ್ನು ಲೆಕ್ಕಕ್ಕೆ ತಂದು, ಆ ಲೆಕ್ಕವನ್ನು ನೆಚ್ಚಿ ಕೂಡಲೆ ಕಾರ್ಯಪ್ರವೃತ್ತರಾಗುವುದು ಒಂದು ಮಾರ್ಗ. ಸಂಗತಿಗಳನ್ನು ಒಂದು ಅವಧಿಯವರೆಗೆ ಕೂಡಿಟ್ಟು, ತಪ್ಪುಗಳನ್ನು ಶೋಧಿಸಿ, ವರ್ಗೀಕರಿಸಿ, ಒಟ್ಟಿಗೆ ಎಣಿಸುವುದು ಮತ್ತೊಂದು ಮಾರ್ಗ. ಗಣಕಯಂತ್ರಗಳ ಪರಿಭಾಷೆಯಲ್ಲಿ ಮೊದಲನೆಯದನ್ನು ‘ರಿಯಲ್ ಟೈಮ್’ ಎಂದೂ ಎರಡನೆಯದನ್ನು ‘ಬ್ಯಾಚ್’ ಎಂದೂ ಕರೆಯುತ್ತಾರೆ. ಪ್ರಕೃತ ಲೇಖನದಲ್ಲಿ ನಾವು ಅವನ್ನು ಕ್ರಮವಾಗಿ ತತ್ಕಾಲ ಗಣನೆ, ಸಂಚಿತ ಗಣನೆ ಎಂಬ ಹೆಸರುಗಳಿಂದ ನಿರ್ದೇಶಿಸುತ್ತೇವೆ.

ಈ ಹೆಸರುಗಳು ಯಂತ್ರಯುಗದವು. ಅಮೆರಿಕದ ೧೮೮೦ರ ಜನಗಣತಿಯ ಫಲಿತಾಂಶಗಳನ್ನು ಕೈಯಿಂದ ಎಣಿಸಿ ಮುಗಿಸುವುದಕ್ಕೆ ಸುಮಾರು ಏಳು ವರ್ಷಗಳು ಹಿಡಿದುವು. ೧೮೯೦ರ ಗಣತಿಗಾಗಿ ಹರ್ಮನ್ ಹಾಲೆರಿತ್ ಎಂಬಾತನು ತೂತುಪಟ್ಟಿಗಳನ್ನು ಓದುವ ಯಂತ್ರವನ್ನು ನಿರ್ಮಿಸಿಕೊಟ್ಟನು. ಪಟ್ಟಿಗಳ ಕಟ್ಟನ್ನು ಸಿದ್ಧಗೊಳಿಸಿ ಯಂತ್ರಕ್ಕೆ ಒಡ್ಡುವ ಈ ಕ್ರಮವೇ ೧೯೫೦ರ ದಶಕದ ವಿದ್ಯುದ್ಗಣಕಗಳಿಗೂ ಬಂದಿತು. ಆ ದಶಕದಲ್ಲಿಯೇ ಇನ್ನೊಂದು ಬಗೆಯ ಯಂತ್ರವೂ ಹುಟ್ಟಿತು. ಶತ್ರುವಿಮಾನಗಳ ಚಲನೆಯನ್ನು ರಾಡಾರುಗಳಿಂದ ತಿಳಿದು ಅದೇ ಕ್ಷಣದಲ್ಲಿ ಲೆಕ್ಕಹಾಕುವ ‘ಸೇಜ್’ ವ್ಯವಸ್ಥೆಯ ಮೊದಲನೆಯ ಕೇಂದ್ರ ೧೯೫೮ರಲ್ಲಿ ಅಮೆರಿಕದಲ್ಲಿ ಕೆಲಸಮಾಡತೊಡಗಿತು. ವಿಮಾನಪ್ರಯಾಣದ ಸ್ಥಳಗಳನ್ನು ಕಾದಿರಿಸುವ ‘ಸೇಬರ್’ ವ್ಯವಸ್ಥೆ ೧೯೬೪ರ ವೇಳೆಗೆ ಪೂರ್ಣಗೊಂಡಿತು. ಅಂದಿನಿಂದ ಇಂದಿನವರೆಗೆ, ಯಾವ ಕಾರ್ಯಕ್ಕೆ ಯಾವ ವಿಧಾನ ತಕ್ಕದ್ದು ಎಂಬ ಚರ್ಚೆ ನಡೆಯುತ್ತಲೇ ಬಂದಿದೆ.

ಸಾಮಾನ್ಯವಾಗಿ ಈ ಚರ್ಚೆಯನ್ನು ವೇಗಕ್ಕೂ ಖರ್ಚಿಗೂ, ಅಥವಾ ವೇಗಕ್ಕೂ ನಿಖರತೆಗೂ ನಡುವಣ ವ್ಯವಹಾರವೆಂದು ನಿರೂಪಿಸುತ್ತಾರೆ. ಈ ನಿರೂಪಣೆ ಸಾಲದು ಎಂಬುದು ನಮ್ಮ ಅಭಿಪ್ರಾಯ. ಯಂತ್ರಗಳಿಗಿಂತ ಮುನ್ನೂರು ವರ್ಷ ಹಿಂದೆಯೇ ಮನುಷ್ಯರು ಈ ಆಯ್ಕೆಯನ್ನು ಎದುರಿಸಿದ್ದರು. ಅವರು ಎಣಿಸುತ್ತಿದ್ದುದು ಸರಕನ್ನಲ್ಲ, ಸತ್ತವರನ್ನು. ಆದಕಾರಣ ಮರಣಲೆಕ್ಕದ ಚರಿತ್ರೆಯಲ್ಲಿ ಈ ಪ್ರಶ್ನೆಯ ಸ್ವರೂಪ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಆ ಚರಿತ್ರೆಯ ಕೆಲವು ಘಟ್ಟಗಳನ್ನು ಇಲ್ಲಿ ಪರಿಶೀಲಿಸೋಣ.

೨

ಲಂಡನ್ ನಗರದಲ್ಲಿ ಮರಣಪಟ್ಟಿಗಳನ್ನು ಹೊರಡಿಸುವ ಪದ್ಧತಿ ಹದಿನಾರನೆಯ ಶತಮಾನದಲ್ಲಿ ಪ್ಲೇಗಿನ ಭಯದಿಂದ ಆರಂಭವಾಯಿತು. ರೋಗವಿದ್ದಾಗ ಪಟ್ಟಿ ಹೊರಡುವುದು, ರೋಗ ಶಮನವಾದಾಗ ನಿಲ್ಲುವುದು, ಹೀಗೆ ಕೆಲಕಾಲ ನಡೆದು, ೧೬೦೩ರ ಕೊನೆಯಿಂದ ವಾರವಾರವೂ ಪಟ್ಟಿ ತಪ್ಪದೆ ಬರತೊಡಗಿತು. ಅದರ ಕ್ರಮ ಹೀಗಿತ್ತು: ಒಬ್ಬರು ಸತ್ತರೆ ಚರ್ಚಿನ ಗಂಟೆ ಬಾರಿಸುತ್ತಿದ್ದರು, ಇಲ್ಲವೆ ಬಂಧುಗಳು ಸಮಾಧಿಗೆ ಸ್ಥಳ ಕೇಳಿಕೊಂಡು ಬರುತ್ತಿದ್ದರು. ಅದನ್ನು ತಿಳಿದು, ಪ್ರಮಾಣವಚನ ಸ್ವೀಕರಿಸಿದ ವೃದ್ಧಸ್ತ್ರೀಯರು ಆ ಮನೆಗೆ ಹೋಗಿ, ಶವವನ್ನು ನೋಡಿ, ವಿಚಾರಿಸಿ, ಸಾವಿನ ಕಾರಣವನ್ನು ಪ್ಯಾರಿಷ್ ಗುಮಾಸ್ತೆಗೆ ತಿಳಿಸುತ್ತಿದ್ದರು. ಮಂಗಳವಾರ ರಾತ್ರಿ ಗುಮಾಸ್ತೆಗಳೆಲ್ಲರೂ ತಮ್ಮ ಲೆಕ್ಕವನ್ನು ಕೇಂದ್ರಕ್ಕೆ ಒಪ್ಪಿಸುತ್ತಿದ್ದರು. ಬುಧವಾರ ಲೆಕ್ಕ ಕೂಡಿಸಿ ಅಚ್ಚಾಗುತ್ತಿತ್ತು. ಗುರುವಾರ, ವರ್ಷಕ್ಕೆ ನಾಲ್ಕು ಷಿಲಿಂಗ್ ತೆತ್ತ ಮನೆಗಳಿಗೆ ಪಟ್ಟಿ ತಲಪುತ್ತಿತ್ತು. ಕ್ರಿಸ್‌ಮಸ್ಸಿನ ಸುಮಾರಿಗೆ ಇಡೀ ವರ್ಷದ ಒಟ್ಟು ಪಟ್ಟಿಯೊಂದು ಹೊರಡುತ್ತಿತ್ತು.

ಅಂದಿನ ಸಾಧನಗಳನ್ನು ನೆನೆದರೆ ಈ ವಾರದ ಪಟ್ಟಿಯನ್ನು ತತ್ಕಾಲ ಗಣನೆ ಎಂದೇ ಕರೆಯಬೇಕು. ಅದನ್ನು ಕೊಳ್ಳುತ್ತಿದ್ದವರ ಉದ್ದೇಶವೂ ತತ್ಕಾಲದ್ದೇ. ಪ್ಲೇಗಿನ ಸಂಖ್ಯೆ ಏರಿದರೆ ಧನಿಕರು ಊರು ಬಿಡುವುದಕ್ಕೆ ಸಿದ್ಧರಾಗುತ್ತಿದ್ದರು. ವರ್ತಕರು ತಮ್ಮ ವ್ಯಾಪಾರವನ್ನು ಅದಕ್ಕೆ ಹೊಂದಿಸಿಕೊಳ್ಳುತ್ತಿದ್ದರು.

ಆದರೆ ಈ ಸಂಖ್ಯೆಗಳಲ್ಲಿ ಒಂದು ದೋಷವಿತ್ತು. ಆ ದೋಷ ಆಕಸ್ಮಿಕವಾದುದಲ್ಲ. ಒಂದು ಮನೆಯಲ್ಲಿ ಪ್ಲೇಗೆಂದು ಬರೆದರೆ ಆ ಮನೆಯ ಬಾಗಿಲಿಗೆ ಬೀಗ ಬೀಳುತ್ತಿತ್ತು. ರೋಗಿಗಳ ಜತೆಯಲ್ಲಿ ಆರೋಗ್ಯವಂತರೂ ವಾರಗಟ್ಟಲೆ ಒಳಗೆ ಸೆರೆಯಾಗುತ್ತಿದ್ದರು. ಹೀಗಿರಲು ಮನೆಯವರು ಆ ಬಡ ವೃದ್ಧೆಯರ ಕೈಗೆ ನಾಲ್ಕು ಕಾಸು ಹಾಕಿ ಬೇರೊಂದು ರೋಗದ ಹೆಸರನ್ನು ಬರೆಯಿಸುತ್ತಿದ್ದುದು ಆಶ್ಚರ್ಯವಲ್ಲ. ೧೬೬೫ರ ಮಹಾಮಾರಿಯಲ್ಲಿ ಸೆಪ್ಟೆಂಬರ್ ೧೨ರಿಂದ ೧೯ರ ವಾರವೊಂದರಲ್ಲಿಯೇ ಪ್ಲೇಗಿನಿಂದ ೭,೧೬೫ ಮಂದಿ ಸತ್ತರೆಂದು ಪಟ್ಟಿ ಹೇಳುತ್ತದೆ. ಇಡೀ ವರ್ಷದಲ್ಲಿ ಪ್ಲೇಗಿನ ಸಾವುಗಳು ೬೮,೫೯೬. ಆದರೆ ಅದೇ ವರ್ಷದ ಆಗಸ್ಟ್ ೩೧ರಂದು ಸ್ಯಾಮ್ಯುಯಲ್ ಪೀಪ್ಸನು ತನ್ನ ದಿನಚರಿಯಲ್ಲಿ, ಆ ವಾರದ ಪಟ್ಟಿ ಏಳೂವರೆ ಸಾವಿರದಷ್ಟು ಸಾವುಗಳನ್ನು ತೋರಿಸಿದರೂ ನಿಜವಾದ ಸಂಖ್ಯೆ ಹತ್ತು ಸಾವಿರಕ್ಕೆ ಹತ್ತಿರವಿರಬಹುದೆಂಬ ಶಂಕೆಯನ್ನು ಬರೆದಿಟ್ಟಿದ್ದಾನೆ. ಬಡವರ ಸಾವುಗಳನ್ನು ಎಣಿಸುವವರಿಲ್ಲ, ಕ್ವೇಕರ್ ಪಂಥದವರು ಗಂಟೆ ಬಾರಿಸಲು ಒಪ್ಪುವುದಿಲ್ಲ ಎಂಬುದು ಅವನು ಕೊಡುವ ಕಾರಣ.

ಇಲ್ಲಿ ಒಂದು ತತ್ತ್ವವನ್ನು ಗುರುತಿಸಬಹುದು. ಯಾವ ಸಂಖ್ಯೆಯಿಂದ ಕೂಡಲೆ ಪರಿಣಾಮ ಉಂಟಾಗುತ್ತದೆಯೋ ಆ ಸಂಖ್ಯೆಯನ್ನು ಬಗ್ಗಿಸುವುದಕ್ಕೆ ಜನರಿಗೆ ಕೂಡಲೆ ಕಾರಣವೂ ಒದಗುತ್ತದೆ. ತತ್ಕಾಲ ಗಣನೆಯ ದೌರ್ಬಲ್ಯ ಅವಸರದ ತಪ್ಪುಗಳಲ್ಲಿ ಮಾತ್ರವಿಲ್ಲ. ಅದರ ಬಲವೇ ಅದರ ದೌರ್ಬಲ್ಯಕ್ಕೂ ಮೂಲವಾಗಿದೆ.

೩

ವಾರದ ಪಟ್ಟಿಗಳನ್ನು ಬಹುಜನರು ಓದಿ, ಅಂದಿನ ಮಾತಿಗೆ ಬಳಸಿಕೊಂಡು, ಬಿಸಾಡುತ್ತಿದ್ದರು. ಅವನ್ನು ದಶಕಗಳ ಪರ್ಯಂತ ಕೂಡಿಸಿ ನೋಡಿದವನು ಜಾನ್ ಗ್ರಾಂಟ್. ಅವನು ವಿಶ್ವವಿದ್ಯಾನಿಲಯದ ಪಂಡಿತನಲ್ಲ, ಲಂಡನ್ನಿನ ಒಬ್ಬ ಬಟ್ಟೆಯ ವ್ಯಾಪಾರಿ. ೧೬೬೨ರಲ್ಲಿ ಪ್ರಕಟವಾದ ಅವನ ಗ್ರಂಥವನ್ನು ಜನಸಂಖ್ಯಾಶಾಸ್ತ್ರದ ಆದಿಗ್ರಂಥವೆಂದು ವಿದ್ವಾಂಸರು ಪರಿಗಣಿಸುತ್ತಾರೆ.

ಯಾವುದೇ ಒಂದು ವಾರದ ಪಟ್ಟಿಯಲ್ಲಿ ಕಾಣದ ಸಂಗತಿಗಳು ಒಟ್ಟು ಲೆಕ್ಕದಲ್ಲಿ ಗ್ರಾಂಟನಿಗೆ ಕಂಡುವು. ಗಂಡುಮಕ್ಕಳ ಜನನ ಹೆಣ್ಣುಮಕ್ಕಳ ಜನನಕ್ಕಿಂತ ತುಸು ಹೆಚ್ಚೆಂಬುದು, ಹುಟ್ಟಿದ ನೂರು ಮಕ್ಕಳಲ್ಲಿ ಸುಮಾರು ಮೂವತ್ತಾರು ಮಕ್ಕಳು ಆರು ವರ್ಷ ತುಂಬುವ ಮೊದಲೇ ತೀರಿಕೊಳ್ಳುವರೆಂಬುದು, ಲಂಡನ್ನಿನ ಜನಸಂಖ್ಯೆ ಜನರು ಊಹಿಸುತ್ತಿದ್ದ ಹಾಗೆ ಹಲವು ಮಿಲಿಯವಾಗಿರದೆ ನಾಲ್ಕು ಲಕ್ಷಕ್ಕೂ ಕಡಮೆಯೆಂಬುದು, ಇವೆಲ್ಲವೂ ಸಂಚಿತ ಗಣನೆಯ ಫಲಗಳು.

ನಮ್ಮ ಚರ್ಚೆಗೆ ಇವೆಲ್ಲಕ್ಕಿಂತ ಮುಖ್ಯವಾದುದು ಅವನ ಇನ್ನೊಂದು ತರ್ಕ. ೧೬೨೫ರ ಪ್ಲೇಗಿನಲ್ಲಿ ೩೫,೪೧೭ ಮಂದಿ ಆ ರೋಗದಿಂದ ಸತ್ತರೆಂದು ಪಟ್ಟಿಗಳು ಹೇಳುತ್ತಿದ್ದುವು. ಗ್ರಾಂಟನು ಆ ಸಂಖ್ಯೆಯನ್ನು ಬದಿಗಿಟ್ಟು, ಪ್ಲೇಗಲ್ಲದ ರೋಗಗಳ ಸಾವುಗಳನ್ನು ನೋಡಿದನು. ಹಿಂದುಮುಂದಿನ ವರ್ಷಗಳಿಗೆ ಹೋಲಿಸಿದರೆ ಆ ವರ್ಷ ಅವೂ ಬಹುವಾಗಿ ಏರಿದ್ದುವು. ಪ್ಲೇಗಿನ ಕಾಲದಲ್ಲಿಯೇ ಉಳಿದ ರೋಗಗಳೂ ಇದ್ದಕ್ಕಿದ್ದಂತೆ ಉಲ್ಬಣಿಸುವುದಕ್ಕೆ ಕಾರಣವೇನು? ಬೇರೆ ಹೆಸರಿನಲ್ಲಿ ಬರೆಯಲ್ಪಟ್ಟ ಆ ಸಾವುಗಳೂ ಪ್ಲೇಗಿನವೇ ಎಂದು ಅವನು ನಿರ್ಣಯಿಸಿದನು. ಪ್ಲೇಗಿನ ಲೆಕ್ಕಕ್ಕೆ ಸುಮಾರು ಕಾಲುಭಾಗವನ್ನು ಸೇರಿಸಬೇಕೆಂದು ಹೇಳಿದನು. ರೋಗದ ಹೆಸರನ್ನು ಮರೆಮಾಡಬಹುದು, ಶವಗಳ ಒಟ್ಟು ಸಂಖ್ಯೆಯನ್ನು ಮರೆಮಾಡುವುದು ಕಷ್ಟ. ಸಾಮಾನ್ಯ ವರ್ಷದ ಲೆಕ್ಕಕ್ಕೆ ಹೋಲಿಸಿ ಹೆಚ್ಚುವರಿ ಮರಣಗಳನ್ನು ತಿಳಿಯುವ ಈ ವಿಧಾನ ಇಂದಿಗೂ ಬಳಕೆಯಲ್ಲಿದೆ.

ಆದರೆ ೧೬೨೫ರಲ್ಲಿ ಸತ್ತವರಿಗೆ ೧೬೬೨ರ ಗ್ರಂಥದಿಂದ ಏನು ಪ್ರಯೋಜನ? ಸಂಚಿತ ಗಣನೆಯ ಎದುರಿಗೆ ಯಾವಾಗಲೂ ನಿಲ್ಲುವ ಪ್ರಶ್ನೆ ಇದು. ಅದು ತತ್ಕಾಲ ಗಣನೆಯನ್ನು ತಿದ್ದಬಲ್ಲದು. ಅದರ ಸ್ಥಾನದಲ್ಲಿ ನಿಲ್ಲಲಾರದು.

೪

ಇಂಗ್ಲೆಂಡಿನಲ್ಲಿ ಜನನಮರಣಗಳ ಸಾರ್ವತ್ರಿಕ ನೋಂದಣಿ ೧೮೩೭ರ ಜುಲೈ ೧ರಿಂದ ಜಾರಿಗೆ ಬಂದಿತು. ನೋಂದಣಿ ಕಚೇರಿಯ ಅಂಕಿಸಂಖ್ಯೆಗಳ ಹೊಣೆಯನ್ನು ಹೊತ್ತವನು ವಿಲಿಯಂ ಫಾರ್. ಅವನ ಕೈಕೆಳಗೆ ಎರಡು ಪ್ರಕಟನೆಗಳು ಜತೆಜತೆಯಾಗಿ ನಡೆದುವು: ಲಂಡನ್ನಿನ ವಾರದ ಮರಣವರದಿ, ಮತ್ತು ಇಡೀ ದೇಶದ ವಾರ್ಷಿಕ ವರದಿ. ಎರಡನ್ನೂ ಒಬ್ಬನೇ ನಿರ್ವಹಿಸಿದ್ದರಿಂದ ಅವುಗಳ ಪರಸ್ಪರ ಸಂಬಂಧವನ್ನು ಅವನ ಬಾಳಿನಲ್ಲಿಯೇ ನೋಡಬಹುದಾಗಿದೆ.

೧೮೪೮–೪೯ರ ಕಾಲರಾದಲ್ಲಿ ಲಂಡನ್ನಿನಲ್ಲಿ ಸುಮಾರು ಹದಿನಾಲ್ಕು ಸಾವಿರ ಮಂದಿ ಸತ್ತರು. ಫಾರನು ಆ ಲೆಕ್ಕವನ್ನೆಲ್ಲ ಸಾವಕಾಶವಾಗಿ ಶೋಧಿಸಿ ೧೮೫೨ರಲ್ಲಿ ಬೃಹತ್ತಾದ ವರದಿಯೊಂದನ್ನು ಪ್ರಕಟಿಸಿದನು. ಥೇಮ್ಸ್ ನದಿಯ ನೀರಿನ ಮಟ್ಟದಿಂದ ಒಂದು ಪ್ರದೇಶ ಎಷ್ಟು ಎತ್ತರದಲ್ಲಿದೆಯೋ ಅಷ್ಟಕ್ಕಷ್ಟೂ ಅಲ್ಲಿ ಕಾಲರಾದ ಸಾವು ಕಡಮೆ ಎಂಬ ನಿಯಮವನ್ನು ಅವನು ಅಂಕಿಗಳಿಂದ ಸ್ಥಾಪಿಸಿದನು. ಸಂಖ್ಯೆಗಳು ನಿಯಮಕ್ಕೆ ಚೆನ್ನಾಗಿಯೇ ಹೊಂದಿಕೊಂಡುವು. ತಗ್ಗಿನಲ್ಲಿ ಕವಿಯುವ ಕೆಟ್ಟ ಗಾಳಿಯೇ ರೋಗಕಾರಣವೆಂಬ ಅಂದಿನ ವೈದ್ಯರ ನಂಬಿಕೆಗೆ ಇದು ಬೆಂಬಲವಾಯಿತು. ಈ ಊಹೆ ತಪ್ಪು. ತಗ್ಗಿನ ಪ್ರದೇಶಗಳ ಜನರು ಚರಂಡಿಗಳು ಬಂದು ಸೇರುತ್ತಿದ್ದ ನದಿಯ ನೀರನ್ನು ಕುಡಿಯುತ್ತಿದ್ದರು ಎಂಬುದೇ ನಿಜವಾದ ಕಾರಣವಾಗಿತ್ತು. ಸಂಚಿತ ಗಣನೆ ತಾನಾಗಿಯೇ ಸತ್ಯವನ್ನು ಹೊರಗೆಡಹುವುದೆಂದು ತಿಳಿದವರು ಈ ಪ್ರಸಂಗವನ್ನು ಮರೆಯಬಾರದು. ಕಾಲಾವಕಾಶದಿಂದ ಅಂಕಿಗಳ ದೋಷ ತಿದ್ದಿತೇ ಹೊರತು, ಅಂಕಿಗಳಿಗೆ ಕೇಳಿದ ಪ್ರಶ್ನೆಯ ದೋಷ ತಿದ್ದಲಿಲ್ಲ.

೧೮೫೪ರ ಆಗಸ್ಟ್ ಕೊನೆಯಲ್ಲಿ ಲಂಡನ್ನಿನ ಸೋಹೋ ಪ್ರದೇಶದಲ್ಲಿ ಕಾಲರಾ ಹಠಾತ್ತಾಗಿ ಹಬ್ಬಿತು. ವೈದ್ಯ ಜಾನ್ ಸ್ನೋ ನೋಂದಣಿ ಕಚೇರಿಯಿಂದ ಆ ವಾರದ ಸಾವುಗಳ ಪಟ್ಟಿಯನ್ನು ಪಡೆದು, ಮನೆಮನೆಗೆ ಹೋಗಿ ವಿಚಾರಿಸಿ, ಬ್ರಾಡ್ ಸ್ಟ್ರೀಟಿನ ಬಾವಿಯ ಪಂಪಿನ ಕಡೆಗೆ ಬೆರಳು ತೋರಿದನು. ಸೆಪ್ಟೆಂಬರ್ ೮ರಂದು ಪಂಪಿನ ಹಿಡಿಯನ್ನು ಕಳಚಲಾಯಿತು. ಪಠ್ಯಪುಸ್ತಕಗಳು ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತವೆ. ಆದರೆ ಆ ವೇಳೆಗೆ ಬಹುಜನರು ಆ ಬೀದಿಗಳನ್ನು ಬಿಟ್ಟು ಹೋಗಿದ್ದರು, ರೋಗ ಆಗಲೇ ಇಳಿಮುಖವಾಗಿತ್ತು. ಇದನ್ನು ಸ್ನೋ ತಾನೇ ಒಪ್ಪಿಕೊಂಡಿದ್ದಾನೆ. ಎಂಟು ದಿನಗಳ ಅವಧಿಯೂ ಅಲ್ಲಿ ತಡವೇ ಆಗಿತ್ತು.

ಸ್ನೋನ ವಾದಕ್ಕೆ ದೃಢವಾದ ಆಧಾರ ದೊರೆತುದು ಇನ್ನೊಂದು ಲೆಕ್ಕದಿಂದ. ದಕ್ಷಿಣ ಲಂಡನ್ನಿನ ಒಂದೇ ಬೀದಿಗಳಲ್ಲಿ ಎರಡು ಕಂಪೆನಿಗಳು ನೀರು ಒದಗಿಸುತ್ತಿದ್ದುವು. ಕೊಳಕು ನೀರನ್ನು ಕೊಡುತ್ತಿದ್ದ ಸೌತ್‌ವರ್ಕ್–ವಾಕ್ಸ್‌ಹಾಲ್ ಕಂಪೆನಿಯ ಹತ್ತು ಸಾವಿರ ಮನೆಗಳಿಗೆ ೩೧೫ ಸಾವುಗಳೂ, ನದಿಯ ಮೇಲ್ಭಾಗದಿಂದ ನೀರು ತರುತ್ತಿದ್ದ ಲ್ಯಾಂಬೆತ್ ಕಂಪೆನಿಯ ಹತ್ತು ಸಾವಿರ ಮನೆಗಳಿಗೆ ೩೭ ಸಾವುಗಳೂ ಏಳು ವಾರಗಳಲ್ಲಿ ಸಂಭವಿಸಿದ್ದುವು. ಸಾವುಗಳು ವಾರದ ವರದಿಯಿಂದ ದೊರೆತುವು. ಮನೆಗಳ ಸಂಖ್ಯೆ ಮೊದಲೇ ಸಿದ್ಧವಾಗಿದ್ದ ದಾಖಲೆಯಿಂದ ದೊರೆಯಿತು. ಭಾಜ್ಯ ತತ್ಕಾಲದ್ದು, ಭಾಜಕ ಸಂಚಿತವಾದುದು. ಎರಡರಲ್ಲಿ ಒಂದು ಇಲ್ಲದಿದ್ದರೂ ಈ ಹೋಲಿಕೆ ಸಾಧ್ಯವಾಗುತ್ತಿರಲಿಲ್ಲ.

ಇದರ ಫಲ ೧೮೬೬ರಲ್ಲಿ ಕಾಣಿಸಿತು. ೧೮೫೪ರ ಅಂಕಿಗಳನ್ನು ಪರಿಶೀಲಿಸಿದ ಮೇಲೆ ಫಾರನ ಅಭಿಪ್ರಾಯ ನೀರಿನ ಕಡೆಗೆ ತಿರುಗಿತ್ತು. ೧೮೬೬ರ ಜುಲೈ ತಿಂಗಳಿನಲ್ಲಿ ವಾರದ ವರದಿಗಳನ್ನು ನೋಡುತ್ತಿದ್ದ ಅವನಿಗೆ ಕಾಲರಾದ ಸಾವುಗಳು ಪೂರ್ವ ಲಂಡನ್ನಿನಲ್ಲಿ ಗುಂಪುಗೂಡುತ್ತಿರುವುದು ಕಂಡಿತು. ಆ ಪ್ರದೇಶಕ್ಕೆ ನೀರು ಒದಗಿಸುವ ಕಂಪೆನಿ ಯಾವುದೆಂದು ಅವನು ಒಡನೆಯೇ ಕೇಳಿದನು. ಈಸ್ಟ್ ಲಂಡನ್ ಕಂಪೆನಿಯ ಇಂಜಿನಿಯರು ಶೋಧಿಸದ ನೀರನ್ನು ತಾವು ಕೊಟ್ಟೇ ಇಲ್ಲವೆಂದು ಪತ್ರಿಕೆಯಲ್ಲಿ ಬರೆದನು. ಆದರೆ ಗ್ರಾಹಕರಿಬ್ಬರು ತಮ್ಮ ಮನೆಯ ಕೊಳಾಯಿಗಳಲ್ಲಿ ಹಾವುಮೀನುಗಳು ಸಿಕ್ಕಿದುವೆಂದು ಹೇಳಿದರು. ತನಿಖೆಯಿಂದ ಫಾರನ ಶಂಕೆ ನಿಜವಾಯಿತು. ಆ ವರ್ಷ ಲಂಡನ್ನಿನಲ್ಲಿ ಕಾಲರಾದ ಸಾವುಗಳು ಐದೂವರೆ ಸಾವಿರದಷ್ಟು. ಬಹುಭಾಗ ಪೂರ್ವದ ಬಡಾವಣೆಗಳವು.

೧೮೪೯ರಲ್ಲಿಯೂ ವಾರದ ವರದಿಗಳು ಫಾರನ ಮೇಜಿನ ಮೇಲಿದ್ದುವು. ಅಂದು ಅವು ಮಾತನಾಡಲಿಲ್ಲ, ೧೮೬೬ರಲ್ಲಿ ಮಾತನಾಡಿದುವು. ನಡುವಣ ಹದಿನೇಳು ವರ್ಷಗಳಲ್ಲಿ ವೇಗ ಹೆಚ್ಚಲಿಲ್ಲ, ಸಂಚಿತ ಜ್ಞಾನ ಹೆಚ್ಚಿತು. ಯಾವ ಅಂಕಿಯನ್ನು ಯಾವ ಅಂಕಿಯ ಬದಿಯಲ್ಲಿಟ್ಟು ನೋಡಬೇಕೆಂಬುದನ್ನು ತತ್ಕಾಲ ಗಣನೆ ತಾನೇ ಕಲಿಸಲಾರದು.

೫

ಇನ್ನು ನಮ್ಮ ದೇಶದ ವಿಷಯ. ೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ೧೮೯೮ರಲ್ಲಿ ಹುಬ್ಬಳ್ಳಿಯನ್ನೂ, ಅದೇ ವರ್ಷದ ಆಗಸ್ಟಿನಲ್ಲಿ ಬೆಂಗಳೂರನ್ನೂ ತಲಪಿತು. ನಿವಾರಣಕಾರ್ಯವನ್ನು ಹೊಂದಿಸಿ ನಡೆಸುವುದಕ್ಕಾಗಿ ಬೆಂಗಳೂರಿನಲ್ಲಿ ಅದೇ ವರ್ಷ ದೂರವಾಣಿಯ ತಂತಿಗಳನ್ನು ಹಾಕಿದರು. ಸುದ್ದಿ ಬೇಗ ಮುಟ್ಟಬೇಕೆಂಬ ಅವಸರಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಾಗಿಲ್ಲ.

ಆದರೆ ಲಂಡನ್ನಿನ ಮುಚ್ಚಿದ ಬಾಗಿಲುಗಳ ಕಥೆ ಇಲ್ಲಿಯೂ ಮರುಕಳಿಸಿತು. ೧೮೯೭ರ ಸಾಂಕ್ರಾಮಿಕ ರೋಗಗಳ ಕಾನೂನಿನ ಮೇರೆಗೆ ಮನೆಶೋಧನೆ, ಬಲವಂತದ ಬೇರ್ಪಡಿಕೆ, ಸಾಮಾನುಗಳ ದಹನ ಇವು ನಡೆದುವು. ರೋಗಿಯನ್ನು ತೋರಿಸಿದರೆ ಮನೆ ಹಾಳಾಗುವುದೆಂದು ಜನರು ರೋಗಿಗಳನ್ನು ಬಚ್ಚಿಟ್ಟರು. ಅಧಿಕಾರಿಗಳ ಪಟ್ಟಿಗಿಂತ ಮೊದಲು ಹಳ್ಳಿಗರಿಗೆ ತಮ್ಮದೇ ಒಂದು ಸೂಚನೆಯಿತ್ತು: ಮನೆಯಲ್ಲಿ ಇಲಿ ಬಿದ್ದರೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುವುದು. ಇಲಿಯ ಸಾವನ್ನು ಬಚ್ಚಿಡುವುದರಿಂದ ಯಾರಿಗೂ ಲಾಭವಿರಲಿಲ್ಲ. ಅದನ್ನು ಕಂಡವರೂ ಅದರಂತೆ ನಡೆಯುವವರೂ ಒಬ್ಬರೇ ಆಗಿದ್ದರು. ಆದಕಾರಣ ಆ ಸೂಚನೆ ಸರಕಾರದ ಪಟ್ಟಿಗಿಂತ ಪ್ರಾಮಾಣಿಕವಾಗಿತ್ತು ಎಂದರೆ ತಪ್ಪಾಗಲಾರದು.

೧೯೧೮ರ ಇನ್‌ಫ್ಲುಯೆನ್ಜಾ ಪಿಡುಗಿನಲ್ಲಿ ಸಂಚಿತ ಗಣನೆಯ ಮಹತ್ತ್ವ ಎದ್ದುಕಂಡಿತು. ಗ್ರಾಮಗಳಲ್ಲಿ ಮರಣಗಳನ್ನು ಬರೆಯುತ್ತಿದ್ದ ಗ್ರಾಮಾಧಿಕಾರಿಗಳೂ ಚೌಕೀದಾರರೂ ವೈದ್ಯರಲ್ಲ; ಬಹುಪಾಲು ಸಾವುಗಳು ‘ಜ್ವರ’ ಎಂಬ ಒಂದೇ ತಲೆಬರಹದ ಕೆಳಗೆ ಸೇರುತ್ತಿದ್ದುವು. ಪಿಡುಗಿನ ತೀವ್ರತೆಯಲ್ಲಿ ಬರೆಯುವವರೇ ಹಾಸಿಗೆ ಹಿಡಿದರು. ಮೊದಲ ವರದಿಗಳು ಭಾರತದ ಸಾವುಗಳನ್ನು ಸುಮಾರು ಅರುವತ್ತು ಲಕ್ಷವೆಂದು ಅಂದಾಜು ಮಾಡಿದುವು. ೧೯೨೧ರ ಜನಗಣತಿಯಾದ ಮೇಲೆ ಆ ಅಂದಾಜು ಒಂದು ಕೋಟಿ ಇಪ್ಪತ್ತು ಲಕ್ಷದ ಮೇಲಕ್ಕೆ ಏರಿತು. ೧೯೫೧ರಲ್ಲಿ ಕಿಂಗ್ಸ್‌ಲಿ ಡೇವಿಸ್ ಜನಗಣತಿಗಳನ್ನು ಹೋಲಿಸಿ ಅದನ್ನು ಒಂದು ಕೋಟಿ ಎಪ್ಪತ್ತು ಲಕ್ಷಕ್ಕೂ ಹೆಚ್ಚೆಂದು ತೋರಿಸಿದನು. ಸತ್ತ ಕಾಲದಲ್ಲಿ ಲೆಕ್ಕಕ್ಕೆ ಸಿಗದ ಕೋಟಿ ಜನರು, ಬದುಕಿರುವವರ ನಡುವೆ ತಾವು ಇಲ್ಲದಿರುವುದರಿಂದ ಲೆಕ್ಕಕ್ಕೆ ಸಿಕ್ಕಿದರು.

ಸ್ವಾತಂತ್ರ್ಯಾನಂತರ ನಮ್ಮವರು ಈ ಸಮಸ್ಯೆಗೆ ಕಂಡುಕೊಂಡ ಪರಿಹಾರ ಗಮನಾರ್ಹವಾದುದು. ೧೯೪೯ರಲ್ಲಿ ಸಿ. ಚಂದ್ರಶೇಖರನ್ ಮತ್ತು ಎಡ್ವರ್ಡ್ಸ್ ಡೆಮಿಂಗ್ ಎಂಬ ವಿದ್ವಾಂಸರು ಒಂದು ವಿಧಾನವನ್ನು ಪ್ರತಿಪಾದಿಸಿದರು: ಒಂದೇ ಸಂಗತಿಯನ್ನು ಪರಸ್ಪರ ಸಂಬಂಧವಿಲ್ಲದ ಎರಡು ಮೂಲಗಳಿಂದ ಬರೆಯಿಸಿ, ಎರಡರಲ್ಲಿಯೂ ಕಂಡವು ಎಷ್ಟು, ಒಂದರಲ್ಲಿ ಮಾತ್ರ ಕಂಡವು ಎಷ್ಟು ಎಂಬುದನ್ನು ಹೋಲಿಸಿದರೆ, ಎರಡರಲ್ಲಿಯೂ ತಪ್ಪಿಹೋದವು ಎಷ್ಟಿರಬಹುದೆಂಬುದನ್ನು ಗಣಿಸಬಹುದು. ೧೯೬೪–೬೫ರಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ ೧೯೬೯–೭೦ರಲ್ಲಿ ಪೂರ್ಣರೂಪಕ್ಕೆ ಬಂದ ನಮ್ಮ ಮಾದರಿ ನೋಂದಣಿ ವ್ಯವಸ್ಥೆ ಇಂಥ ಇಮ್ಮಡಿ ದಾಖಲೆಯ ಮೇಲೆ ನಿಂತಿದೆ. ಆಯ್ದ ಗ್ರಾಮದಲ್ಲಿ ಸ್ಥಳೀಯ ಗಣತಿದಾರನೊಬ್ಬನು ಜನನಮರಣಗಳನ್ನು ಆದಾಗ ಆದಾಗ ಬರೆಯುತ್ತ ಹೋಗುತ್ತಾನೆ. ಆರು ತಿಂಗಳಿಗೊಮ್ಮೆ ಮೇಲ್ವಿಚಾರಕನು ಬಂದು, ಮೊದಲನೆಯ ಪುಸ್ತಕವನ್ನು ನೋಡದೆ, ಮನೆಮನೆಗೆ ಹೋಗಿ ಹೊಸದಾಗಿ ಬರೆಯುತ್ತಾನೆ. ಬಳಿಕ ಎರಡನ್ನೂ ಹೋಲಿಸಿ, ಹೊಂದದವುಗಳನ್ನು ಸ್ಥಳದಲ್ಲಿಯೇ ಮರುಪರೀಕ್ಷೆ ಮಾಡುತ್ತಾರೆ. ಸಂಚಿತವೋ ತತ್ಕಾಲವೋ ಎಂಬ ಪ್ರಶ್ನೆಗೆ, ಎರಡನ್ನೂ ಇಟ್ಟುಕೊಂಡು ಒಂದರಿಂದ ಇನ್ನೊಂದನ್ನು ಪರೀಕ್ಷಿಸಿ ಎಂಬುದೇ ಇಲ್ಲಿಯ ಉತ್ತರ.

೬

ಇತ್ತೀಚಿನ ಎರಡು ಪ್ರಸಂಗಗಳನ್ನು ಇದೇ ಬೆಳಕಿನಲ್ಲಿ ನೋಡಬೇಕು.

ಅಮೆರಿಕದ ರೋಗನಿಯಂತ್ರಣ ಕೇಂದ್ರದ ಇನ್‌ಫ್ಲುಯೆನ್ಜಾ ವರದಿಗಳು ಒಂದೆರಡು ವಾರ ತಡವಾಗಿ ಬರುತ್ತಿದ್ದುವು. ಜನರು ಅಂತರಜಾಲದಲ್ಲಿ ಹುಡುಕುವ ಪದಗಳಿಂದ ರೋಗದ ಹರಡುವಿಕೆಯನ್ನು ಅಂದಂದೇ ಅಳೆಯಬಹುದೆಂದು ಗೂಗಲ್ ಸಂಸ್ಥೆ ೨೦೦೮ರಲ್ಲಿ ಒಂದು ಗಣನೆಯನ್ನು ಆರಂಭಿಸಿತು. ೨೦೦೯ರ ಹೊಸ ಇನ್‌ಫ್ಲುಯೆನ್ಜಾದ ಮೊದಲನೆಯ ಅಲೆಯನ್ನು ಅದು ಸರಿಯಾಗಿ ಗುರುತಿಸಲಿಲ್ಲ. ೨೦೧೨–೧೩ರ ಚಳಿಗಾಲದಲ್ಲಿ ಅದರ ಅಂದಾಜು ಕೇಂದ್ರದ ಅಂಕಿಗಿಂತ ಎರಡರಷ್ಟಕ್ಕೆ ಹತ್ತಿರವಾಯಿತು. ಪತ್ರಿಕೆಗಳಲ್ಲಿ ರೋಗದ ಸುದ್ದಿ ಬಂದಾಗ ಆರೋಗ್ಯವಂತರೂ ಹುಡುಕುತ್ತಾರೆ ಎಂಬುದನ್ನು ಯಂತ್ರ ತಿಳಿಯದು. ತಡವಾಗಿ ಬರುವ ಕೇಂದ್ರದ ಅಂಕಿಗಳಿಂದಲೇ ಮುಂದಿನದನ್ನು ಊಹಿಸಿದ್ದರೂ ಇದಕ್ಕಿಂತ ಉತ್ತಮ ಫಲ ದೊರೆಯುತ್ತಿತ್ತೆಂದೂ, ಎರಡನ್ನೂ ಬೆರಸಿದರೆ ಇನ್ನೂ ಮೇಲೆಂದೂ ೨೦೧೪ರಲ್ಲಿ ವಿದ್ವಾಂಸರು ತೋರಿಸಿದರು. ೨೦೧೫ರಲ್ಲಿ ಆ ಪ್ರಕಟನೆ ನಿಂತಿತು.

ನಮ್ಮಲ್ಲಿ ೨೦೦೪ರಲ್ಲಿ ಆರಂಭವಾದ ಸಮಗ್ರ ರೋಗ ಕಣ್ಗಾವಲು ಯೋಜನೆ ವಾರದ ವರದಿಗಳನ್ನು ಅವಲಂಬಿಸಿತ್ತು. ಅದನ್ನು ಅಂದಂದಿನ ವರದಿಯಾಗಿ ಮಾರ್ಪಡಿಸುವ ಆರೋಗ್ಯಮಾಹಿತಿ ವೇದಿಕೆ ೨೦೧೮ರ ನವೆಂಬರಿನಲ್ಲಿ ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳಲ್ಲಿ ಮೊದಲಾಗಿ, ೨೦೨೧ರ ಏಪ್ರಿಲಿನಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಅಷ್ಟರಲ್ಲಿ ಕೋವಿಡ್ ಪಿಡುಗು ಬಂದಿತ್ತು. ಪ್ರತಿದಿನ ಸಂಜೆಯ ಪ್ರಕಟನೆಯನ್ನು ಜನರು ಕಾದು ನೋಡಿದರು; ಹಾಸಿಗೆ, ಆಮ್ಲಜನಕಗಳ ಹಂಚಿಕೆಗೆ ಅಂದಂದಿನ ಲೆಕ್ಕವಲ್ಲದೆ ಬೇರೆ ದಾರಿಯಿರಲಿಲ್ಲ. ಆದರೂ ೨೦೨೧ರ ಜೂನ್ ತಿಂಗಳಿನಲ್ಲಿ ಬಿಹಾರ ರಾಜ್ಯ ಪರಿಶೋಧನೆ ನಡೆಸಿ ತನ್ನ ಮರಣಸಂಖ್ಯೆಯನ್ನು ಒಂದೇ ದಿನದಲ್ಲಿ ಐದೂವರೆ ಸಾವಿರದಷ್ಟರಿಂದ ಒಂಬತ್ತು ಸಾವಿರದ ಮೇಲಕ್ಕೆ ಏರಿಸಬೇಕಾಯಿತು. ಆ ಸಾವುಗಳು ಆ ದಿನದವಲ್ಲ, ಆ ದಿನ ಲೆಕ್ಕಕ್ಕೆ ಬಂದವು. ಸಂಗತಿ ನಡೆದ ದಿನವನ್ನೂ ಅದು ದಾಖಲಾದ ದಿನವನ್ನೂ ಬೇರೆಬೇರೆಯಾಗಿ ಇಡದಿದ್ದರೆ ರೋಗ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದೇ ತಿಳಿಯದು.

೨೦೨೫ರ ಮೇ ತಿಂಗಳಿನಲ್ಲಿ ನಾಗರಿಕ ನೋಂದಣಿಯ ವರದಿ ಹೊರಬಂದಿತು. ೨೦೧೯ರಲ್ಲಿ ನೋಂದಣಿಯಾದ ಮರಣಗಳು ಸುಮಾರು ೭೬ ಲಕ್ಷ, ೨೦೨೦ರಲ್ಲಿ ೮೧ ಲಕ್ಷ, ೨೦೨೧ರಲ್ಲಿ ೧ ಕೋಟಿ ೨ ಲಕ್ಷ. ೨೦೨೧ರಲ್ಲಿ ಕೋವಿಡ್‌ನಿಂದಾದುವೆಂದು ಪ್ರಕಟವಾದ ಸಾವುಗಳು ಸುಮಾರು ೩.೩ ಲಕ್ಷ. ನೋಂದಣಿಯ ವ್ಯಾಪ್ತಿಯೂ ವರ್ಷದಿಂದ ವರ್ಷಕ್ಕೆ ವಿಸ್ತರಿಸುತ್ತಿರುವುದರಿಂದ ಹೆಚ್ಚಳವೆಲ್ಲವನ್ನೂ ರೋಗಕ್ಕೆ ಆರೋಪಿಸುವುದು ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆ ೨೦೨೨ರ ಮೇ ತಿಂಗಳಿನಲ್ಲಿ ೨೦೨೦–೨೧ಕ್ಕೆ ೪೭ ಲಕ್ಷ ಹೆಚ್ಚುವರಿ ಸಾವುಗಳ ಅಂದಾಜನ್ನು ಪ್ರಕಟಿಸಿದಾಗ ಭಾರತ ಸರಕಾರ ಆ ವಿಧಾನವನ್ನು ಒಪ್ಪಲಿಲ್ಲ. ಆ ವಿವಾದವನ್ನು ಇಲ್ಲಿ ತೀರ್ಮಾನಿಸುವುದು ನಮ್ಮ ಉದ್ದೇಶವಲ್ಲ. ಒಂದನ್ನು ಮಾತ್ರ ಹೇಳಬಹುದು: ಪ್ರಶ್ನೆಯನ್ನು ಕೇಳುವ ರೀತಿ ೧೬೬೨ರಲ್ಲಿ ಗ್ರಾಂಟನು ಕೇಳಿದ ರೀತಿಯೇ ಆಗಿದೆ. ಇದನ್ನು ಬಗೆಹರಿಸುವುದಕ್ಕೆ ಬೇಕಾದ ಭಾಜಕ, ಎಂದರೆ ಜನಗಣತಿ, ೨೦೨೧ರಲ್ಲಿ ನಡೆಯಬೇಕಾಗಿದ್ದುದು ನಡೆಯದೆ ಮುಂದಕ್ಕೆ ಹೋದುದು ನಮ್ಮ ಕಷ್ಟವನ್ನು ಹೆಚ್ಚಿಸಿತು.

೭

ಮೇಲ್ಕಂಡ ವಿವೇಚನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದಾಗಿದೆ.

ಮೊದಲನೆಯದಾಗಿ, ಲೆಕ್ಕದ ವೇಗವನ್ನು ನಿರ್ಧರಿಸತಕ್ಕದ್ದು ಯಂತ್ರದ ಸಾಮರ್ಥ್ಯವಲ್ಲ, ಲೆಕ್ಕದಿಂದ ನಡೆಯಬೇಕಾದ ಕಾರ್ಯ. ಬಾವಿಯ ಹಿಡಿಯನ್ನು ಕಳಚಲು ಎಂಟು ದಿನ ತಡವಾಯಿತು. ನೀರು ಸರಬರಾಯಿಯ ಕ್ರಮವನ್ನೇ ಬದಲಾಯಿಸಲು ಏಳು ವಾರದ ಲೆಕ್ಕ ಬೇಕಾಯಿತು. ಕೂಡಲೆ ಮಾಡತಕ್ಕ ಕಾರ್ಯ ಯಾವುದೂ ಇಲ್ಲದ ಕಡೆ ತತ್ಕಾಲ ಗಣನೆಗೆ ಹಣ ಸುರಿಯುವುದು ವ್ಯರ್ಥ.

ಎರಡನೆಯದಾಗಿ, ಸಂಖ್ಯೆಯ ಪರಿಣಾಮ ಎಷ್ಟು ಶೀಘ್ರವೋ ಅದನ್ನು ಮರೆಮಾಡುವ ಪ್ರೇರಣೆಯೂ ಅಷ್ಟೇ ಬಲವಾದುದು. ಆದ್ದರಿಂದ ತತ್ಕಾಲ ಗಣನೆಗೆ ಅದರೊಡನೆ ಸಂಬಂಧವಿಲ್ಲದ ಇನ್ನೊಂದು ಸಾಕ್ಷಿ ಬೇಕು. ಸತ್ಯ ಹೇಳಿದವರ ಮನೆಗೆ ಬೀಗ ಹಾಕುವ ಆಡಳಿತಕ್ಕೆ ಎಷ್ಟು ವೇಗದ ಯಂತ್ರವಿದ್ದರೂ ಸತ್ಯ ಸಿಗದು.

ಮೂರನೆಯದಾಗಿ, ಸಂಚಿತ ಗಣನೆಯೂ ಪ್ರಮಾದಾತೀತವಲ್ಲ. ಫಾರನ ಎತ್ತರದ ನಿಯಮ ಇದಕ್ಕೆ ನಿದರ್ಶನ. ಅದರ ಹೆಚ್ಚುಗಾರಿಕೆ ಬೇರೆಡೆ ಇದೆ: ಅದನ್ನು ಮತ್ತೆ ತೆರೆದು ಹೊಸ ಪ್ರಶ್ನೆ ಕೇಳಬಹುದು. ವಾರದ ಪಟ್ಟಿಗಳನ್ನು ಯಾರೂ ಕೂಡಿಡದೆ ಹೋಗಿದ್ದರೆ ಗ್ರಾಂಟನ ಗ್ರಂಥ ಹುಟ್ಟುತ್ತಿರಲಿಲ್ಲ.

ನಾಲ್ಕನೆಯದಾಗಿ, ತತ್ಕಾಲದ ಅಂಕಿಯನ್ನು ತಿದ್ದುವಾಗ ಹಳೆಯದನ್ನು ಅಳಿಸಬಾರದು. ಇಂದಿನ ಗಣಕತಜ್ಞರು ಎರಡು ಪದರಗಳ ರಚನೆಯೊಂದನ್ನು ಬಳಸುವುದುಂಟು: ಶೀಘ್ರವಾದ ಪದರ ತಾತ್ಕಾಲಿಕ ಉತ್ತರ ಕೊಡುತ್ತದೆ, ನಿಧಾನವಾದ ಪದರ ಸಮಸ್ತ ದಾಖಲೆಯನ್ನು ಮತ್ತೆ ಎಣಿಸಿ ಅದನ್ನು ಸರಿಪಡಿಸುತ್ತದೆ. ಒಂದೇ ಕೆಲಸಕ್ಕೆ ಎರಡು ವ್ಯವಸ್ಥೆಗಳನ್ನು ಸಾಕಬೇಕಾಗುವುದೆಂಬ ಆಕ್ಷೇಪಣೆ ಅದಕ್ಕೆ ಬಂದಿದೆ, ಆಕ್ಷೇಪಣೆಯಲ್ಲಿ ಹುರುಳಿದೆ. ಆದರೆ ಎರಡು ಉತ್ತರಗಳ ನಡುವಣ ಅಂತರವೇ ಒಂದು ತಿಳಿವಳಿಕೆ. ಎಲ್ಲಿ, ಯಾರ ಸಾವು, ಯಾವ ಕಾರಣದಿಂದ ಮೊದಲ ಲೆಕ್ಕದಲ್ಲಿ ತಪ್ಪಿತು ಎಂಬುದನ್ನು ಆ ಅಂತರದಿಂದಲೇ ತಿಳಿಯಬೇಕು.

ಚರಿತ್ರೆಯ ವಿದ್ಯಾರ್ಥಿಗಳು ಹಳೆಯ ಅಂಕಿಗಳನ್ನು ಬಳಸುವಾಗಲೂ ಈ ಭೇದವನ್ನು ಮನಸ್ಸಿನಲ್ಲಿಡುವುದು ಅವಶ್ಯಕ. ಒಂದು ಸಂಖ್ಯೆ ಎದುರಾದಾಗ ಅದು ಎಷ್ಟೆಂದು ಬರೆದುಕೊಳ್ಳುವುದಕ್ಕೆ ಮೊದಲು, ಅದನ್ನು ಯಾವಾಗ ಬರೆದರು, ಬರೆದುದರಿಂದ ಯಾರಿಗೆ ಏನಾಗುತ್ತಿತ್ತು, ಆಮೇಲೆ ಅದನ್ನು ಯಾರಾದರೂ ಮತ್ತೆ ಎಣಿಸಿದರೇ ಎಂದು ಕೇಳಬೇಕು. ೧೯೧೮ರಲ್ಲಿ ‘ಜ್ವರ’ವೆಂಬ ತಲೆಬರಹದ ಕೆಳಗೂ ಸೇರದೆ ಹೋದ ಕೋಟಿ ಜನರ ಲೆಕ್ಕ ಸಿಕ್ಕಿದುದು, ಮೂರು ವರ್ಷಗಳ ತರುವಾಯ ಮನೆಮನೆಗೆ ಹೋಗಿ ಬದುಕಿರುವವರನ್ನು ಎಣಿಸಿದವರಿಂದ. ಅಂಥ ಎಣಿಕೆಯನ್ನು ಕಾಲಕಾಲಕ್ಕೆ ತಪ್ಪದೆ ನಡೆಸುವ ದೇಶಕ್ಕೆ ಮಾತ್ರ ಅಂದಂದಿನ ಲೆಕ್ಕವನ್ನು ನಂಬುವ ಅಧಿಕಾರ ಬರುತ್ತದೆ.